ಈ ಮನೆಗೆ ಕರೆತಂದವರು ಯಾರಮ್ಮ?

ಮನೆಯೊಳಗಿನ ಹಿಂಸೆ ತಾಳಲಾರದೆ ದೂರು ಕೊಡಲು ಬಂದ ಹೆಣ್ಣುಮಗಳ ಮುಂದೆ ಸಂರಕ್ಷಣಾಧಿಕಾರಿ ಮೊದಲು ಬಿಡಿಸಿಡುವ ಕಾಗದದ ಹೆಸರು ಕೌಟುಂಬಿಕ ಘಟನಾ ವರದಿ. ಕಚೇರಿಗಳಲ್ಲಿ ಡಿಐಆರ್ ಎಂದರೆ ಎಲ್ಲರಿಗೂ ಗೊತ್ತು. ಕೌಟುಂಬಿಕ ದೌರ್ಜನ್ಯ ತಡೆಗೆ 2005ರಲ್ಲಿ ಕಾಯ್ದೆ ಬಂತು, 2006ರ ಅಕ್ಟೋಬರ್ 26ರಿಂದ ಜಾರಿಯಾಯಿತು. ಅದರ ನಿಯಮಗಳಲ್ಲಿರುವ ಮೊದಲ ನಮೂನೆಯೇ ಇದು. ಸರ್ಕಾರಿ ನಮೂನೆಗಳಲ್ಲಿ ಇಷ್ಟು ಮನಸ್ಸಿಟ್ಟು ಬರೆದದ್ದು ಅಪರೂಪ. ದೈಹಿಕ ಹಿಂಸೆಯಿಂದ ಶುರುವಾಗುವ ಪಟ್ಟಿ ಅಲ್ಲಿಗೇ ನಿಲ್ಲುವುದಿಲ್ಲ. ಮನೆ ಬಿಟ್ಟು ಹೊರಗೆ ಹೋಗದಂತೆ ತಡೆದರೇ, ಯಾರನ್ನಾದರೂ ಭೇಟಿಯಾಗದಂತೆ ಮಾಡಿದರೇ, ಒಲ್ಲದ ಮದುವೆಗೆ ಬಲವಂತ ಮಾಡಿದರೇ, ಕೂಲಿ ಸಂಬಳ ಕಿತ್ತುಕೊಂಡರೇ, ಬೇರೆಯವರನ್ನು ರಂಜಿಸಲು ಬಲವಂತವಾಗಿ ಬಳಸಿಕೊಂಡರೇ ಎಂದು ಒಂದೊಂದಾಗಿ ಕೇಳುತ್ತಾ ಹೋಗುತ್ತದೆ. ಬಾಯಿಬಿಟ್ಟು ಹೇಳಲಾಗದ್ದಕ್ಕೆ ಪೆನ್ನಿನಿಂದ ಒಂದು ಗುರುತು ಹಾಕಿದರೆ ಸಾಕು. ಕೊನೆಯಲ್ಲಿ ಆಪ್ತಸಮಾಲೋಚಕರು ಬೇಕೇ, ತಂಗಲು ಜಾಗ ಬೇಕೇ, ವೈದ್ಯಕೀಯ ನೆರವು, ವಕೀಲರ ನೆರವು ಬೇಕೇ, ಕ್ರಿಮಿನಲ್ ಮೊಕದ್ದಮೆ ಹೂಡಲು ಸಹಾಯ ಬೇಕೇ ಎಂದೂ ವಿಚಾರಿಸುತ್ತದೆ. ಇಷ್ಟೆಲ್ಲ ಕೇಳುವ ನಮೂನೆಯಲ್ಲಿ ಒಂದು ಪ್ರಶ್ನೆ ಮಾತ್ರ ಇಲ್ಲ: ಈ ಮನೆಗೆ ನಿನ್ನನ್ನು ಕರೆತಂದವರು ಯಾರು, ಅದಕ್ಕಾಗಿ ಯಾರ ಕೈಯಿಂದ ಯಾರ ಕೈಗೆ ದುಡ್ಡು ಹೋಯಿತು? ಮದುವೆಯ ಹೆಸರಿನಲ್ಲಿ ಮಾರಾಟವಾದ ಹೆಣ್ಣಿಗೆ ಕಾನೂನಿನ ನೆರವು ಸಿಗುವುದೂ ತಪ್ಪುವುದೂ ಬಹುಮಟ್ಟಿಗೆ ಆ ಪ್ರಶ್ನೆಯನ್ನು ಯಾರಾದರೂ ಕೇಳುತ್ತಾರೋ ಇಲ್ಲವೋ ಎಂಬುದರ ಮೇಲೆ ನಿಂತಿದೆ.

ಇಂಥ ಮದುವೆಗಳು ಕಟ್ಟುಕಥೆಯಲ್ಲ. 2011ರ ಜನಗಣತಿಯಲ್ಲಿ ಹರಿಯಾಣದಲ್ಲಿ ಸಾವಿರ ಗಂಡಸರಿಗೆ 879 ಹೆಂಗಸರಿದ್ದರು. ಆರು ವರ್ಷದೊಳಗಿನ ಮಕ್ಕಳಲ್ಲಿ ಲೆಕ್ಕ ಇನ್ನೂ ಕೆಳಗಿಳಿದು 834 ಆಗಿತ್ತು. ಹುಟ್ಟುವ ಮೊದಲೇ ಹೆಣ್ಣನ್ನು ಇಲ್ಲವಾಗಿಸಿದ ಊರುಗಳಿಗೆ ಬಂಗಾಳ, ಅಸ್ಸಾಂ, ಒಡಿಶಾ, ಬಿಹಾರಗಳ ಬಡ ಮನೆಗಳಿಂದ ದಲ್ಲಾಳಿಗಳ ಮೂಲಕ ಮದುವಣಗಿತ್ತಿಯರು ಬಂದರು. ಅವರನ್ನು ಅಲ್ಲಿ ಪಾರೋ, ಮೋಲ್ಕಿ ಎಂದು ಕರೆಯುತ್ತಾರೆ. ನಮ್ಮ ಉತ್ತರ ಕರ್ನಾಟಕದಲ್ಲೂ ಗುಜರಾತ್, ರಾಜಸ್ಥಾನಗಳ ಕಡೆಯ ವರರಿಗೆ ದಲ್ಲಾಳಿಗಳು ಕುದುರಿಸುವ ಸಂಬಂಧಗಳಿಗೆ ಗುಜ್ಜರ್ ಮದುವೆ ಎಂಬ ಹೆಸರೇ ಬಿದ್ದಿದೆ. ವರದಕ್ಷಿಣೆ ಬೇಡ, ಮದುವೆ ಖರ್ಚು ನಮ್ಮದೇ ಎಂದಾಗ ಸಾಲದಲ್ಲಿರುವ ತಂದೆಗೆ ಅದು ದೇವರೇ ಕಳಿಸಿದ ಸಂಬಂಧದಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಅಂಥ ಮನೆಯಲ್ಲಿ ಹೊಲದ ದುಡಿಮೆ, ದನದ ಚಾಕರಿ, ಹೊಡೆತ ಎದುರಾದಾಗ ಅವಳ ಪರವಾಗಿ ಮಾತಾಡಲು ತವರು ಹತ್ತಿರವಿಲ್ಲ, ಭಾಷೆಯೂ ಗೊತ್ತಿಲ್ಲ. ನಿನ್ನನ್ನು ದುಡ್ಡು ಕೊಟ್ಟು ತಂದಿದ್ದೇವೆ ಎಂಬ ಮಾತೊಂದೇ ಬಾಗಿಲಿಗೆ ಹಾಕಿದ ಬೀಗವಾಗುತ್ತದೆ.

ಇವಳ ಕಥೆಯನ್ನು ಕಾನೂನು ಎರಡು ಕಡೆಯಿಂದ ಓದಬಲ್ಲದು. ಒಂದು, ಮಾನವ ಕಳ್ಳಸಾಗಣೆ. 2013ರಲ್ಲಿ ತಿದ್ದುಪಡಿಯಾದ ದಂಡ ಸಂಹಿತೆಯ 370ನೇ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಆಗಿದೆ. ಶೋಷಣೆಗಾಗಿ ಮೋಸದಿಂದಲೋ, ಪೋಷಕರಿಗೆ ಹಣ ಕೊಟ್ಟು ಒಪ್ಪಿಸಿಯೋ ಒಬ್ಬರನ್ನು ಸಾಗಿಸುವುದು, ಬರಮಾಡಿಕೊಳ್ಳುವುದು ಅಪರಾಧ. ಸಂತ್ರಸ್ತೆ ಒಪ್ಪಿದ್ದಳು ಎಂಬ ವಾದಕ್ಕೆ ಅಲ್ಲಿ ಬೆಲೆಯಿಲ್ಲ. ಏಳರಿಂದ ಹತ್ತು ವರ್ಷದ ಕಠಿಣ ಶಿಕ್ಷೆಯುಂಟು. ಇನ್ನೊಂದು, ಕೌಟುಂಬಿಕ ದೌರ್ಜನ್ಯ. ಮೊದಲನೆಯದು ದಲ್ಲಾಳಿಯ ಬೆನ್ನು ಹತ್ತುತ್ತದೆ, ಎರಡನೆಯದು ಅವಳ ನಾಳಿನ ಊಟ, ಸೂರು, ಮಗುವಿನ ಬಗ್ಗೆ ಯೋಚಿಸುತ್ತದೆ. ಹಾಗಾಗಿಯೇ ಕೌಟುಂಬಿಕ ದೌರ್ಜನ್ಯದ ಪ್ರಕರಣ ನಡೆಸುವ ವಕೀಲರ ಕೈಯಲ್ಲಿ ಇಂಥವಳ ಬದುಕು ಹೆಚ್ಚಾಗಿ ಇರುತ್ತದೆ. ಆ ಕಾಯ್ದೆಯ 27ನೇ ಸೆಕ್ಷನ್ ಒಂದನ್ನೇ ನೋಡಿ: ನೊಂದವಳು ತಾತ್ಕಾಲಿಕವಾಗಿ ವಾಸವಿರುವ ಊರಿನ ಮ್ಯಾಜಿಸ್ಟ್ರೇಟರೂ ಅರ್ಜಿ ವಿಚಾರಿಸಬಹುದು. ರಾಜಸ್ಥಾನದ ಹಳ್ಳಿಯಿಂದ ತಪ್ಪಿಸಿಕೊಂಡು ಹಾವೇರಿಗೋ ಗದಗಕ್ಕೋ ವಾಪಸು ಬಂದವಳು ಅಲ್ಲಿಗೆ ಮತ್ತೆ ಕಾಲಿಡದೆ ಇಲ್ಲಿಂದಲೇ ಜೀವನಾಂಶ, ಪರಿಹಾರ, ಮಗುವಿನ ಸುಪರ್ದಿ ಕೇಳಬಹುದು. ಹೀಗೆ ಸಿಕ್ಕ ಆದೇಶ ಇಡೀ ದೇಶಕ್ಕೆ ಅನ್ವಯಿಸುತ್ತದೆ. ಆ ಮನೆ ಬಿಟ್ಟು ಬಂದಾಯಿತಲ್ಲ, ಇನ್ನೇನು ಸಂಬಂಧ ಎಂದು ಎದುರು ಪಕ್ಷ ಕೇಳಿದರೆ, ಅರ್ಜಿ ಹಾಕುವ ಹೊತ್ತಿಗೆ ಒಂದೇ ಸೂರಿನಡಿ ಇರಬೇಕಾಗಿಲ್ಲ ಎಂದು 2022ರಲ್ಲಿ ಪ್ರಭಾ ತ್ಯಾಗಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಡಿಐಆರ್ ಇಲ್ಲದಿದ್ದರೂ ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು ಎಂಬುದೂ ಅದೇ ತೀರ್ಪಿನ ಮಾತು.

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವೂ ಅಲ್ಲ. ಮನುಷ್ಯರ ಮಾರಾಟದಂಥ ಘೋರ ಅಪರಾಧವನ್ನು ಗಂಡ ಹೆಂಡಿರ ಜಗಳದ ಕೋರ್ಟಿಗೆ ತಂದರೆ ಅದು ರಾಜಿ ಪಂಚಾಯಿತಿಯಲ್ಲಿ ಮುಗಿದುಹೋಗುತ್ತದೆ ಎಂಬುದು ಮೊದಲನೆಯದು. ಭಯ ನಿಜ. ಆದರೆ ಕಾಯ್ದೆಯ 36ನೇ ಸೆಕ್ಷನ್ ತಾನು ಬೇರೆ ಕಾನೂನುಗಳ ಜೊತೆಗೆ ನಡೆಯುವುದೇ ಹೊರತು ಅವುಗಳ ಬದಲಿಗೆ ಅಲ್ಲ ಎನ್ನುತ್ತದೆ. ಎರಡನ್ನೂ ಒಟ್ಟಿಗೆ ಹೂಡಬಹುದು. ಒಂದರಲ್ಲಿ ಸಿಕ್ಕ ಜೀವನಾಂಶವೇ ಇನ್ನೊಂದರಲ್ಲಿ ಸಾಕ್ಷಿಯಾಗಿ ಗಟ್ಟಿಯಾಗಿ ನಿಲ್ಲಲು ಅವಳಿಗೆ ಬಲವಾಗುತ್ತದೆ. ದಲ್ಲಾಳಿ ಜೈಲಿಗೆ ಹೋಗುವವರೆಗೆ ಅವಳು ಹಸಿದಿರಬೇಕಾಗಿಲ್ಲ. ಮದುವೆಯೇ ಮೋಸದ್ದಾದ ಮೇಲೆ ಹೆಂಡತಿಯ ಹಕ್ಕೆಲ್ಲಿ ಎಂಬುದು ಎರಡನೆಯ ಆಕ್ಷೇಪ. ಕಾಯ್ದೆಯಲ್ಲಿ ಮದುವೆಯ ಸ್ವರೂಪದ ಸಂಬಂಧಕ್ಕೂ ಜಾಗವಿದೆ. ಇನ್ನು ಬಾಲೆಯಾಗಿದ್ದರೆ, ಮದುವೆಗಾಗಿ ಮಾರಿದ ಅಪ್ರಾಪ್ತೆಯ ಮದುವೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಅಸಿಂಧು. ಕರ್ನಾಟಕವಂತೂ ತಿದ್ದುಪಡಿ ತಂದು ಎಲ್ಲ ಬಾಲ್ಯವಿವಾಹಗಳನ್ನೂ ಅಸಿಂಧುವಾಗಿಸಿದೆ. ಮೂರನೆಯ ಆಕ್ಷೇಪವೇ ನನಗೆ ಹೆಚ್ಚು ತೂಕದ್ದೆನಿಸುತ್ತದೆ: ದೂರದ ಊರಿಗೆ ಕೊಟ್ಟ ಎಲ್ಲ ಮದುವೆಗೂ ಕಳ್ಳಸಾಗಣೆಯ ಹಣೆಪಟ್ಟಿ ಹಚ್ಚಿದರೆ ಬಡ ತಂದೆತಾಯಿಯೇ ಆರೋಪಿಗಳಾಗುತ್ತಾರೆ. ಹೌದು, ದೂರವಾಗಲಿ, ದಲ್ಲಾಳಿಯ ಕಮಿಷನ್ ಆಗಲಿ ತಾನಾಗಿ ಅಪರಾಧವಲ್ಲ. ಶೋಷಣೆಯ ಉದ್ದೇಶ ಕಾಣಬೇಕು. ಅದು ಇತ್ತೋ ಇಲ್ಲವೋ ಎಂದು ತಿಳಿಯುವುದಕ್ಕೇ ಆ ಬಿಟ್ಟುಹೋದ ಪ್ರಶ್ನೆಯನ್ನು ಮೆಲ್ಲಗೆ, ಅವಳ ಭಾಷೆಯಲ್ಲಿ, ಅವಳೊಬ್ಬಳೇ ಇರುವಾಗ ಕೇಳಬೇಕು. ಪೊಲೀಸ್ ಕೇಸು ಬೇಕೋ ಬೇಡವೋ ಎಂಬುದರಲ್ಲಿ ಅವಳ ಮಾತಿಗೇ ಬೆಲೆ ಸಿಗಬೇಕು.

ಕೇಳಬೇಕಾದವರು ಯಾರು? 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರಿಗೂ ಕಳ್ಳಸಾಗಣೆಗೆ ಗುರಿಯಾದವರಿಗೂ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಪ್ರಾಧಿಕಾರದ ಕಚೇರಿಯಿರುತ್ತದೆ, 15100ಕ್ಕೆ ಕರೆ ಮಾಡಿದರೂ ಆಯಿತು. ಕಳ್ಳಸಾಗಣೆ ಸಂತ್ರಸ್ತರಿಗೆಂದೇ ರಾಷ್ಟ್ರೀಯ ಪ್ರಾಧಿಕಾರ 2015ರಲ್ಲಿ ಯೋಜನೆ ರೂಪಿಸಿತು. ನೊಂದ ಮಹಿಳೆಯರ ನೆರವಿಗಿರುವ ಸಖಿ ಕೇಂದ್ರಗಳೂ ಅದೇ ವರ್ಷದವು, ನಮ್ಮಲ್ಲಿ ಸಾಂತ್ವನ ಕೇಂದ್ರಗಳು ಅದಕ್ಕೂ ಹಳೆಯವು. ವ್ಯವಸ್ಥೆ ಕಾಗದದ ಮೇಲೆ ಕಡಿಮೆಯೇನಿಲ್ಲ. ಆದರೆ ಕರ್ನಾಟಕದಲ್ಲಿ ಸಂರಕ್ಷಣಾಧಿಕಾರಿ ಎಂದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ. ಅಂಗನವಾಡಿಗಳ ಮೊಟ್ಟೆ, ಹಾಲಿನ ಪುಡಿ, ಕಾರ್ಯಕರ್ತೆಯರ ನೇಮಕಾತಿ, ಸಮೀಕ್ಷೆ ಎಲ್ಲವನ್ನೂ ಹೊತ್ತವರು ಆ ನಮೂನೆಯ ಮುಂದೆ ಅರ್ಧ ದಿನ ಕೂರಬೇಕೆಂದು ನಿರೀಕ್ಷಿಸುವುದು ಅವರಿಗೂ ಅನ್ಯಾಯ, ಬಂದವಳಿಗೂ ಅನ್ಯಾಯ. ಪೂರ್ಣಾವಧಿ ಸಂರಕ್ಷಣಾಧಿಕಾರಿ, ಒಬ್ಬ ದುಭಾಷಿ, ಎರಡೂ ಕಾನೂನು ಬಲ್ಲ ಪ್ಯಾನಲ್ ವಕೀಲರು ಒಂದೇ ಮೇಜಿನ ಬಳಿ ಸಿಕ್ಕರೆ ಬಹಳಷ್ಟು ಬದಲಾದೀತು.

ಮಗುವನ್ನು ಅಲ್ಲೇ ಬಿಟ್ಟು ಬಂದವಳ ಪಾಡು ಎಲ್ಲಕ್ಕಿಂತ ಕಷ್ಟದ್ದು. ಸುಪರ್ದಿಯ ಆದೇಶ ದೇಶವಿಡೀ ನಡೆಯುತ್ತದೆ ನಿಜ, ಆದರೆ ಅದನ್ನು ಹಿಡಿದು ಆ ಹಳ್ಳಿಗೆ ಅವಳ ಜೊತೆ ಹೋಗುವವರು ಬೇಕು. ಕಾದು ಸಾಕಾಗಿ, ಮಗುವಿಗಾಗಿ ಅದೇ ಮನೆಗೆ ತಿರುಗಿ ಹೊರಡುವವರಿದ್ದಾರೆ. ಅಂಥವಳ ಕೈಗೂ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 18ನೇ ಸೆಕ್ಷನ್ನಿನ ರಕ್ಷಣಾ ಆದೇಶ ಕೊಟ್ಟು, ಆ ಜಿಲ್ಲೆಯ ಪ್ರಾಧಿಕಾರಕ್ಕೆ ಮೊದಲೇ ತಿಳಿಸಿ ಕಳಿಸಲು ಈಗಿರುವ ಕಾನೂನೇ ಸಾಕು. ಅವಳು ಮಾತ್ರ ಟಿಕೆಟ್ಟಿಗೆ ದುಡ್ಡು ಹೊಂದಿಸಿಕೊಂಡು, ಯಾರಿಗೂ ಹೇಳದೆ ರೈಲು ಹತ್ತುತ್ತಾಳೆ.