ಚಿಕಿತ್ಸೆ ಬಲ್ಲವರು ಕಲಿಸಲೂ ಕಲಿಯಬೇಕು

ರೋಗ ಗುರುತಿಸುವುದು ಒಂದು ವಿದ್ಯೆ, ಅದನ್ನು ಇನ್ನೊಬ್ಬರಿಗೆ ಕಲಿಸುವುದು ಬೇರೆಯೇ ವಿದ್ಯೆ. ನುರಿತ ವೈದ್ಯರು ರೋಗಿಯನ್ನು ಕಂಡೊಡನೆ ಒಂದು ತೀರ್ಮಾನಕ್ಕೆ ಬರುತ್ತಾರೆ. ಅಲ್ಲಿಗೆ ತಲುಪಿದ ದಾರಿಯನ್ನು ವಿದ್ಯಾರ್ಥಿಗೆ ಬಿಡಿಸಿ ತೋರಿಸುವುದು ವೈದ್ಯ-ಅಧ್ಯಾಪಕರ ಮೊದಲ ಹೊಣೆ.

ತೆಲಸಂಗ, ಅಥಣಿ ಭಾಗದ ಜನ ದೊಡ್ಡ ಕಾಯಿಲೆ ಬಂದಾಗ ವಿಜಯಪುರ, ಬೆಳಗಾವಿ, ಮಿರಜಗಳ ಹಾದಿ ಹಿಡಿಯುತ್ತಾರೆ. ಈ ಮೂರೂ ಊರುಗಳಲ್ಲಿ ಚಿಕಿತ್ಸೆಯ ಜೊತೆಗೆ ಪಾಠವೂ ನಡೆಯುತ್ತದೆ. ಮಿರಜದಲ್ಲಿ ವಿಲಿಯಂ ವಾನ್‌ಲೆಸ್ 1894ರಲ್ಲಿ ಮಿಷನ್ ಆಸ್ಪತ್ರೆ ತೆರೆದರು, ಮುಂದೆ ಅಲ್ಲಿ ವೈದ್ಯಶಾಲೆಯೂ ಆರಂಭವಾಯಿತು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು 1963ರಲ್ಲಿ, ವಿಜಯಪುರದ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು 1986ರಲ್ಲಿ ಆರಂಭವಾದವು.

ಪಾಠಕ್ಕೆ ಮುನ್ನ ಗುರಿ ಸ್ಪಷ್ಟವಾಗಿರಬೇಕು. ವೈದ್ಯಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ವೈದ್ಯನ ಸಾಮರ್ಥ್ಯವನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿದರು: ವಿಷಯ ತಿಳಿದಿರುವುದು, ಬಳಸುವ ಬಗೆ ತಿಳಿದಿರುವುದು, ಮಾಡಿ ತೋರಿಸುವುದು, ನಿತ್ಯದ ಕೆಲಸದಲ್ಲಿ ಮಾಡುವುದು. ಉಪನ್ಯಾಸ ಮೊದಲೆರಡು ಮೆಟ್ಟಿಲು ಹತ್ತಿಸಬಲ್ಲದು. ಮುಂದಿನವಕ್ಕೆ ವಾರ್ಡೇ ಬೇಕು.

ಕೈಕೆಲಸ ಕಲಿಸಲು ನಾಲ್ಕು ಹಂತದ ಕ್ರಮವಿದೆ. ರಕ್ತದೊತ್ತಡ ಅಳೆಯುವುದಾದರೆ, ಅಧ್ಯಾಪಕರು ಮೊದಲು ಮಾತಿಲ್ಲದೆ ಸಹಜ ವೇಗದಲ್ಲಿ ಅಳೆದು ತೋರಿಸುತ್ತಾರೆ. ಬಳಿಕ ಪ್ರತಿ ಹೆಜ್ಜೆಯನ್ನೂ ವಿವರಿಸುತ್ತ ಅಳೆಯುತ್ತಾರೆ. ಮೂರನೆಯ ಸಲ ವಿದ್ಯಾರ್ಥಿ ಹೇಳಿದಂತೆ ಅವರು ಮಾಡುತ್ತಾರೆ. ಕೊನೆಗೆ ವಿದ್ಯಾರ್ಥಿಯೇ ಹೇಳುತ್ತ ಮಾಡುತ್ತಾನೆ.

ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲೂ ಕಲಿಸಲು ಸಾಧ್ಯ. ಇದಕ್ಕೆಂದು 1992ರಲ್ಲಿ ರೂಪಿಸಿದ ವಿಧಾನದಲ್ಲಿ ಐದು ಹೆಜ್ಜೆಗಳಿವೆ. ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿದ ಕಾರ್ಮಿಕನೊಬ್ಬ ಬಂದಿದ್ದಾನೆ ಎನ್ನಿ. ತುರ್ತು ಚಿಕಿತ್ಸೆ ಶುರುವಾದ ಮೇಲೆ ಅಧ್ಯಾಪಕರು ವಿದ್ಯಾರ್ಥಿಯನ್ನು ‘ನಿನ್ನ ಅಂದಾಜೇನು?’ ಎಂದು ಕೇಳುತ್ತಾರೆ, ‘ಯಾಕೆ?’ ಎಂದು ಆಧಾರ ಕೇಳುತ್ತಾರೆ. ಮೂರನೆಯದು ಒಂದು ನಿಯಮ: ರೆಪ್ಪೆ ಜೋಲುತ್ತಿದ್ದರೆ ವಿಷ ನರಗಳಿಗೆ ತಾಗಿದೆ, ಒಣಗಿದ ಶುಚಿಯಾದ ಗಾಜಿನ ನಳಿಕೆಯಲ್ಲಿ ಅಲುಗಿಸದೆ ಇಟ್ಟ ರಕ್ತ 20 ನಿಮಿಷವಾದರೂ ಹೆಪ್ಪುಗಟ್ಟದಿದ್ದರೆ ವಿಷ ರಕ್ತವನ್ನು ಕೆಡಿಸಿದೆ. ಬಳಿಕ ಸರಿ ಮಾಡಿದ್ದನ್ನು ಹೆಸರಿಸಿ ಹೇಳುತ್ತಾರೆ, ಕೊನೆಗೆ ತಪ್ಪನ್ನು ತಿದ್ದುತ್ತಾರೆ. ಇಷ್ಟಕ್ಕೆ ಐದಾರು ನಿಮಿಷ ಸಾಕು.

ತಿದ್ದುವ ಮಾತಿಗೂ ಹದ ಬೇಕು. ‘ನಿನಗೇನೂ ಬರುವುದಿಲ್ಲ’ ಎಂಬ ಗದರಿಕೆಯಿಂದ ವಿದ್ಯಾರ್ಥಿ ತಪ್ಪು ಮುಚ್ಚಿಡುವುದನ್ನು ಕಲಿಯುತ್ತಾನೆ. ‘ರೆಪ್ಪೆ ಗಮನಿಸಿದ್ದು ಸರಿ, ಉಸಿರಾಟ ಎಣಿಸಲಿಲ್ಲ’ ಎಂದರೆ ಮುಂದೇನು ಮಾಡಬೇಕೆಂಬುದು ತಿಳಿಯುತ್ತದೆ. ರೋಗಿಯ ಎದುರು ಅವಮಾನಿಸದಿರುವುದು ಇಬ್ಬರ ಘನತೆಗೂ ಅಗತ್ಯ.

ಪರೀಕ್ಷಿಸುವುದೂ ಒಂದು ಕೌಶಲ. ಒಬ್ಬ ವಿದ್ಯಾರ್ಥಿಗೆ ಸುಲಭದ ರೋಗಿ, ಇನ್ನೊಬ್ಬನಿಗೆ ಕಠಿಣ ರೋಗಿ ಸಿಗುವ ಅನ್ಯಾಯ ತಪ್ಪಿಸಲು ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಹೊಸ ಪದ್ಧತಿ ಪ್ರಕಟಿಸಿದರು. ಇದರಲ್ಲಿ ಎಲ್ಲರೂ ಒಂದೇ ಬಗೆಯ ಪರೀಕ್ಷಾ ನಿಲ್ದಾಣಗಳನ್ನು ಒಂದೇ ಅವಧಿಯಲ್ಲಿ ದಾಟುತ್ತಾರೆ, ಅಂಕಗಳು ಮೊದಲೇ ಬರೆದ ಪಟ್ಟಿಯಂತೆ ಬೀಳುತ್ತವೆ.

ಮಾತುಕತೆ, ನೀತಿಗಳನ್ನು ವಿದ್ಯಾರ್ಥಿಗಳು ಅಧ್ಯಾಪಕರ ನಡೆಯಿಂದಲೇ ಹೆಚ್ಚು ಕಲಿಯುತ್ತಾರೆ. ಅಥಣಿ ಸೀಮೆಯ ಅಜ್ಜಿ ‘ಚಕ್ಕರ್ ಬರ್ತೈತ್ರಿ’ ಎಂದಾಗ, ‘ಯಾವಾಗ ಬರ್ತೈತಿ ಯವ್ವಾ, ಎದ್ದು ನಿಂತಾಗೋ, ಮಲಗಿದಾಗೋ?’ ಎಂದು ಅವಳ ಮಾತಿನಲ್ಲೇ ಕೇಳುವ ಅಧ್ಯಾಪಕರು ರೋಗದ ಇತಿಹಾಸವನ್ನೂ ಗೌರವವನ್ನೂ ಒಟ್ಟಿಗೆ ಕಲಿಸುತ್ತಾರೆ. ಕನ್ನಡ, ಮರಾಠಿ ಬೆರೆತ ಗಡಿಭಾಗದಲ್ಲಿ ಈ ಕಿವಿ ಇಲ್ಲದೆ ವೈದ್ಯಕೀಯ ಸಾಗದು. 2019ರಲ್ಲಿ ಜಾರಿಯಾದ ಸಾಮರ್ಥ್ಯಾಧಾರಿತ ಎಂಬಿಬಿಎಸ್ ಪಠ್ಯಕ್ರಮ ಮನೋಭಾವ, ನೀತಿ, ಸಂವಹನಗಳನ್ನು ಪಾಠದ ಭಾಗವಾಗಿಸಿದೆ.

ಈ ಕೌಶಲಗಳು ಹುಟ್ಟಿನಿಂದ ಬಂದವಲ್ಲ, ತರಬೇತಿಯಿಂದ ಬರುವಂಥವು. ಅದಕ್ಕೆಂದೇ ವೈದ್ಯಕೀಯ ಕಾಲೇಜುಗಳಲ್ಲಿ ವೈದ್ಯಶಿಕ್ಷಣ ಘಟಕಗಳಿವೆ, ಅಧ್ಯಾಪಕರಿಗೆ ಕಾರ್ಯಾಗಾರಗಳು ನಡೆಯುತ್ತವೆ. ಆದರೆ ಕಾರ್ಯಾಗಾರದ ಪ್ರಮಾಣಪತ್ರ ಆರಂಭ ಮಾತ್ರ. ಸಹೋದ್ಯೋಗಿಯನ್ನು ತನ್ನ ಪಾಠಕ್ಕೆ ಕರೆದು ಅಭಿಪ್ರಾಯ ಕೇಳುವುದು, ವಿದ್ಯಾರ್ಥಿಗಳ ಮಾತಿಗೆ ಕಿವಿಗೊಡುವುದು, ಮುಂದಿನ ಪಾಠವನ್ನು ಅದಕ್ಕೆ ತಕ್ಕಂತೆ ಬದಲಿಸುವುದು ನಿರಂತರ ನಡೆಯಬೇಕು. ನರ್ಸಿಂಗ್ ಬೋಧಕರಿಗೂ, ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡುವವರಿಗೂ ಈ ಮಾತು ಅಷ್ಟೇ ಸಲ್ಲುತ್ತದೆ.