ಚಪ್ಪಟೆ ನಕ್ಷೆಗೆ ಎತ್ತರ ಬರುವ ಬಗೆ

ನಮ್ಮ ಜಿಲ್ಲೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಿದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ಒಂದೇ ಮಟ್ಟದಲ್ಲಿ ಮಲಗಿರುತ್ತವೆ. ಸೂಳೆಕೆರೆಯು ಒಂದು ನೀಲಿ ಮಚ್ಚೆ. ತುಂಗಭದ್ರೆಯು ಒಂದು ನೀಲಿ ಗೆರೆ. ತೀರ್ಥರಾಮೇಶ್ವರದ ಬೆಟ್ಟ ಬರಿಯ ಒಂದು ಹೆಸರು. ಆದರೆ ನೀರು ಕಾಗದದ ಮೇಲೆ ಹರಿಯುವುದಿಲ್ಲವಷ್ಟೆ! ಅದು ಎತ್ತರವನ್ನು ಬಿಟ್ಟು ತಗ್ಗನ್ನು ಹುಡುಕಿಕೊಂಡು ಹೋಗುತ್ತದೆ. ನೀರನ್ನೇ ನೆಚ್ಚಿ ಬದುಕುವ ನಮ್ಮಂಥವರಿಗೆ ನಕ್ಷೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಎತ್ತರವೇ. ಚಪ್ಪಟೆಯಾದ ನಕ್ಷೆಯಿಂದ ಆ ಎತ್ತರವನ್ನು ಎಬ್ಬಿಸಿ, ಗಣಕಯಂತ್ರದ ಪರದೆಯ ಮೇಲೆ ನಾವು ತಿರುಗಿಸಿ ನೋಡಬಹುದಾದ ದೃಶ್ಯವನ್ನಾಗಿ ಮಾಡುವ ವಿದ್ಯೆ ಈಗ ವಿದ್ಯಾರ್ಥಿಗಳ ಕೈಗೂ ಎಟುಕಿದೆ. ಅದರ ಬಗೆಯನ್ನೂ ಮಿತಿಯನ್ನೂ ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಎತ್ತರವನ್ನು ಕಾಗದದ ಮೇಲೆ ಬರೆಯುವ ಉಪಾಯ ಹಳೆಯದು. ಬೇಸಿಗೆಯಲ್ಲಿ ಕೆರೆಯ ನೀರು ಇಳಿದಂತೆಲ್ಲ ದಂಡೆಯ ಮೇಲೆ ಒಂದರ ಕೆಳಗೊಂದು ಕೆಸರಿನ ಗೆರೆಗಳು ಉಳಿಯುವುದನ್ನು ನಾವು ಕಂಡಿದ್ದೇವೆ. ಒಂದೊಂದು ಗೆರೆಯೂ ಒಂದೇ ಎತ್ತರದಲ್ಲಿರುವ ಸ್ಥಳಗಳನ್ನು ಕೂಡಿಸುತ್ತದೆ. ಸ್ಥಳಾಕೃತಿ ನಕ್ಷೆಯ ಸಮೋನ್ನತಿ ರೇಖೆಗಳೂ ಇಂಥವೇ. 2 ಸೆಂಟಿಮೀಟರಿಗೆ 1 ಕಿಲೋಮೀಟರಿನಂತೆ ಬರೆದ ಸರ್ವೇಕ್ಷಣಾ ಇಲಾಖೆಯ ಹಾಳೆಗಳಲ್ಲಿ ಇವನ್ನು ಸಾಮಾನ್ಯವಾಗಿ 20 ಮೀಟರಿಗೊಂದರಂತೆ ಎಳೆದಿರುತ್ತಾರೆ. ಗೆರೆಗಳು ಒತ್ತಾಗಿದ್ದಲ್ಲಿ ನೆಲ ಕಡಿದು, ವಿರಳವಾಗಿದ್ದಲ್ಲಿ ಬಯಲು.

ಈ ಗೆರೆಗಳನ್ನು ಗಣಕಕ್ಕೆ ಒಪ್ಪಿಸುವಾಗ ನೆಲವನ್ನು ಚದುರಂಗದ ಹಾಸಿನಂತೆ ಮನೆಮನೆಯಾಗಿ ಭಾಗಿಸಿ, ಪ್ರತಿ ಮನೆಗೂ ಸಮುದ್ರಮಟ್ಟದಿಂದ ಅದರ ಎತ್ತರವನ್ನು ಅಂಕಿಯಲ್ಲಿ ಬರೆಯುತ್ತಾರೆ. ಇಂದು ಈ ಅಂಕಿಗಳು ಆಕಾಶದಿಂದಲೇ ದೊರೆಯುತ್ತವೆ. 2000ದ ಫೆಬ್ರವರಿಯಲ್ಲಿ ಅಮೆರಿಕದ ‘ಎಂಡೆವರ್’ ನೌಕೆ 11 ದಿನಗಳ ಯಾತ್ರೆಯಲ್ಲಿ ರೇಡಾರ್ ಅಲೆಗಳಿಂದ ಭೂಮಿಯ ಬಹುಭಾಗದ ಏರಿಳಿತವನ್ನು ಅಳೆಯಿತು. 2005ರಲ್ಲಿ ನಮ್ಮ ದೇಶ ಹಾರಿಸಿದ ಕಾರ್ಟೊಸ್ಯಾಟ್-1 ಉಪಗ್ರಹಕ್ಕೆ ಎರಡು ಕ್ಯಾಮೆರಾಗಳಿದ್ದುವು: ಒಂದು ಮುಂದಕ್ಕೆ ಬಾಗಿ ನೋಡಿದರೆ ಇನ್ನೊಂದು ತುಸು ಹಿಂದಕ್ಕೆ ನೋಡುತ್ತಿತ್ತು. ಮೂಗಿನ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿರಿ. ಬೆರಳು ಅತ್ತಿತ್ತ ಸರಿದಂತೆ ಕಾಣುತ್ತದೆ. ಎರಡು ಚಿತ್ರಗಳಲ್ಲಿ ಬೆಟ್ಟವೂ ಹಾಗೆಯೇ ಸರಿಯುತ್ತದೆ. ಸರಿದ ಅಳತೆಯಿಂದ ಎತ್ತರವನ್ನು ಲೆಕ್ಕಹಾಕುತ್ತಾರೆ.

ಮುಂದಿನ ಕೆಲಸ ಸುಲಭ. ಪ್ರತಿ ಅಂಕಿಯನ್ನೂ ಒಂದು ಗೂಟವೆಂದು ಭಾವಿಸಿ ಅದರ ಎತ್ತರಕ್ಕೆ ನಿಲ್ಲಿಸಿ, ಗೂಟಗಳ ತಲೆಗಳನ್ನು ಮೂರು ಮೂರರಂತೆ ಕೂಡಿಸಿದರೆ ತ್ರಿಕೋನಗಳ ಒಂದು ಬಲೆಯಾಗುತ್ತದೆ. ಅದರ ಮೇಲೆ ಉಪಗ್ರಹದ ಚಿತ್ರವನ್ನು ಬಟ್ಟೆಯಂತೆ ಹೊದಿಸಿ, ರಸ್ತೆ, ಊರು, ತಾಲ್ಲೂಕಿನ ಗಡಿ ಇವನ್ನು ಕೂರಿಸಬೇಕು. ನೋಡುವವನು ಪರದೆಯ ಮೇಲೆ ಕೈಯಾಡಿಸಿ ನೋಟದ ಕೋನವನ್ನು ಬದಲಿಸಿದೊಡನೆ ಗಣಕವು ಇಡೀ ಬಲೆಯನ್ನು ಹೊಸ ಕೋನದಿಂದ ಮತ್ತೆ ಬರೆಯುತ್ತದೆ. ಇದು ಸೆಕೆಂಡಿಗೆ ಹಲವು ಹತ್ತು ಸಲ ನಡೆಯುವುದರಿಂದ ನಾವೇ ಹಾರಿ ಸುತ್ತುತ್ತಿರುವಂತೆ ಭಾಸವಾಗುತ್ತದೆ. ಇದಕ್ಕೆ ಬೇಕಾದ ಅಂಕಿಗಳು ಇಸ್ರೊ ಸಂಸ್ಥೆಯ ‘ಭುವನ್’ ತಾಣದಲ್ಲಿಯೂ, ಬಲೆ ನೇಯುವ ಸಲಕರಣೆ ‘ಕ್ಯೂಜಿಐಎಸ್’ ಎಂಬ ತಂತ್ರಾಂಶದಲ್ಲಿಯೂ ಬೆಲೆಯಿಲ್ಲದೆ ದೊರೆಯುತ್ತವೆ.

ಇಂಥ ದೃಶ್ಯದಲ್ಲಿ ಸೂಳೆಕೆರೆಯನ್ನು ನೋಡಿದರೆ ಶಾಂತವ್ವೆಯ ಹೆಸರಿನೊಡನೆ ಬೆಸೆದುಕೊಂಡಿರುವ ಆ ಪ್ರಾಚೀನ ಕೆರೆಯ ಗುಟ್ಟು ತಿಳಿಯುತ್ತದೆ. ಹರಿದ್ರಾ ಹಳ್ಳವು ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಯಲ್ಲಿ ಹೊರಬೀಳುವ ಎಡೆಯಲ್ಲಿಯೇ ಏರಿಯನ್ನು ಕಟ್ಟಿದ್ದಾರೆ. ಅಷ್ಟು ಚಿಕ್ಕ ಏರಿಯ ಹಿಂದೆ ಅಷ್ಟು ವಿಶಾಲವಾದ ಕೆರೆ! ಉಪಗ್ರಹವಿಲ್ಲದ ಕಾಲದಲ್ಲಿ ನಡೆದಾಡಿಯೇ ಆ ಸಂದಿಯನ್ನು ಗುರುತಿಸಿದ ಕಣ್ಣಿಗೆ ನಾವು ತಲೆಬಾಗಲೇಬೇಕು. ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿಯ ಗಡಿಗೆರೆಯಾದರೋ ಈ ದೃಶ್ಯದಲ್ಲಿ ಏರಿ ಇಳಿದು ಸಾಗುತ್ತದೆ. ಹಳ್ಳಗಳು ಅದನ್ನು ಲೆಕ್ಕಿಸದೆ ಹೊಳೆಗೆ ಇಳಿಯುತ್ತವೆ.

ಆದರೆ ನೋಟ ಚೆನ್ನಾಗಿದ್ದಷ್ಟೂ ಮೋಸಹೋಗುವ ಭಯವೂ ಹೆಚ್ಚು. ಮೊದಲನೆಯದಾಗಿ, ಮೇಲೆ ಹೇಳಿದ ಅಳತೆಯ ಹಾಳೆಯಲ್ಲಿ 200 ಮೀಟರಿನ ಗುಡ್ಡ ಕೇವಲ 4 ಮಿಲಿಮೀಟರ್ ಎದ್ದು ನಿಂತೀತು. ಕಣ್ಣಿಗೆ ಕಾಣಲೆಂದು ಎತ್ತರವನ್ನು ಮೂರು ಪಟ್ಟು, ಐದು ಪಟ್ಟು ಹಿಗ್ಗಿಸುವುದು ವಾಡಿಕೆ. ಆಗ ಜಗಳೂರಿನ ಬಯಲೂ ಗುಡ್ಡಗಾಡಾಗಿ ತೋರುತ್ತದೆ. ಎಷ್ಟು ಪಟ್ಟು ಹಿಗ್ಗಿಸಿದೆಯೆಂದು ಚಿತ್ರದ ಮೂಲೆಯಲ್ಲಿ ಬರೆಯದಿರುವುದು ಅಪ್ರಾಮಾಣಿಕತೆಯೇ ಸರಿ.

ಎರಡನೆಯದಾಗಿ, ಉಚಿತವಾಗಿ ದೊರೆಯುವ ಅಂಕಿಗಳಲ್ಲಿ ಒಂದೊಂದು ಮನೆಯೂ 30 ಮೀಟರ್ ಚೌಕ, ಎಂದರೆ ಸುಮಾರು 9 ಗುಂಟೆ. ಅಷ್ಟಕ್ಕೂ ಒಂದೇ ಎತ್ತರ! ಹೊಲದ ಬದು, ಕಾಲುವೆಯ ಏರಿ, ಬೀದಿಯ ಚರಂಡಿ ಇವೆಲ್ಲ ಅಳಿಸಿಹೋಗುತ್ತವೆ. ತುಂಗಭದ್ರೆ ಉಕ್ಕಿದಾಗ ಹೊನ್ನಾಳಿಯ ಯಾವ ಮನೆಗೆ ನೀರು ನುಗ್ಗೀತೆಂಬುದನ್ನು ಇದರಿಂದ ಹೇಳಹೊರಟರೆ ತಪ್ಪಾದೀತು. ಮೂರನೆಯದಾಗಿ, ಈ ಅಳತೆಗಳು ನೀರಿನ ಮೇಲ್ಮೈಯನ್ನು ಕಾಣುತ್ತವೆಯೇ ಹೊರತು ತಳವನ್ನಲ್ಲ. ಸೂಳೆಕೆರೆಯ ಹೂಳನ್ನು ಅರಿಯಬೇಕಾದರೆ ದೋಣಿಯಲ್ಲಿ ಕುಳಿತು ಆಳವನ್ನು ಅಳೆಯಲೇಬೇಕು.

ಜಗಳೂರು ತಾಲ್ಲೂಕಿನ 57 ಕೆರೆಗಳನ್ನು ತುಂಬಿಸುವ ಯೋಜನೆಯಲ್ಲಿ ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯ ನೀರನ್ನು ಎತ್ತಿ, ಚಟ್ನಹಳ್ಳಿ ಗುಡ್ಡಕ್ಕೆ ಏರಿಸಿ, ಅಲ್ಲಿಂದ ಇಳಿಜಾರಿನಲ್ಲಿ ಕೆರೆಗಳಿಗೆ ಬಿಡುತ್ತಾರೆ. ಬಯಲಿನಲ್ಲಿ ಒಂದೆರಡು ಮೀಟರಿನ ವ್ಯತ್ಯಾಸವೇ ಒಂದು ಕೆರೆ ತುಂಬುವುದನ್ನೂ ಒಣಗುವುದನ್ನೂ ನಿರ್ಣಯಿಸಬಲ್ಲದು. ಚಪ್ಪಟೆ ನಕ್ಷೆಯನ್ನು ಓದಲಾರದ ರೈತನೂ ಇಂಥ ದೃಶ್ಯದಲ್ಲಿ ತನ್ನೂರಿನ ಗುಡ್ಡವನ್ನು ಗುರುತಿಸಿ, “ನೀರು ಇತ್ತ ಬರುವುದಿಲ್ಲ, ಸ್ವಾಮಿ” ಎಂದು ವಾದಿಸಬಲ್ಲ. ಎತ್ತರದ ಮಾತು ಇಂಜಿನಿಯರರ ಸ್ವತ್ತಾಗಿ ಉಳಿಯದೆ ಊರಿನವರ ಮಾತೂ ಆಗುವುದೇ ಈ ವಿದ್ಯೆಯ ದೊಡ್ಡ ಪ್ರಯೋಜನ.

ಭೂಗೋಳದ ವಿದ್ಯಾರ್ಥಿಗಳು ತಂತಮ್ಮ ಊರಿನ ಒಂದೊಂದು ಹಾಳೆಯನ್ನು ಹೀಗೆ ಎಬ್ಬಿಸಿ ನೋಡಲಿ. ಆಮೇಲೆ ಪರದೆಯನ್ನು ಆರಿಸಿ, ಆ ಗುಡ್ಡವನ್ನು ಹತ್ತಿ ಬರಲಿ. ದೃಶ್ಯವೆಲ್ಲಿ ನಿಜ, ಎಲ್ಲಿ ಸುಳ್ಳು ಎಂಬುದನ್ನು ಕಾಲುಗಳೇ ಹೇಳುತ್ತವೆ.