ಮೂರು ಮೆಟ್ಟಿಲು, ಒಂದು ಗಾಲಿಕುರ್ಚಿ



ಉಳಿತಾಯ, ಸಾಲ, ಬಡ್ಡಿ, ಹಸು ಸಾಕಣೆ ಎಂದು ಎಷ್ಟೋ ವಿಷಯಗಳನ್ನು ನಾವು ಸಂಘದ ಸಭೆಗಳಲ್ಲಿ ಮಾತಾಡಿದ್ದೇವೆ. ಈ ಸಲ ಗಾಲಿಕುರ್ಚಿಯಲ್ಲಿ, ಅಂದರೆ ವೀಲ್‌ಚೇರಿನಲ್ಲಿ ಓಡಾಡುವ ಹೆಣ್ಣುಮಕ್ಕಳ ದಿನನಿತ್ಯದ ಬದುಕಿನ ಬಗ್ಗೆ ಬರೆಯುತ್ತಿದ್ದೇವೆ. ಇದಕ್ಕೆ ಕಾರಣ ನಾವೇ ಮಾಡಿದ ಒಂದು ತಪ್ಪು.

ನಮ್ಮ ಒಂದು ಸಂಘಕ್ಕೆ ಸೇರಲು ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಬಂದಳು. ಹದಿನಾರನೇ ವಯಸ್ಸಿನಲ್ಲಿ ಬೈಕಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಸ್ವಾಧೀನ ಹೋಗಿದೆ. ಸಭೆ ನಡೆಯುವ ಸಮುದಾಯ ಭವನಕ್ಕೆ ಮೂರು ಮೆಟ್ಟಿಲು. "ಪಾಪ, ನಾವಿಲ್ವಾ ಮಗಳೇ" ಎಂದು ನಾವು ನಾಲ್ಕು ಜನ ಅವಳನ್ನು ಕುರ್ಚಿ ಸಮೇತ ಎತ್ತಿ ಒಳಗೆ ತಂದು ಇಟ್ಟೆವು. ಕುರ್ಚಿ ಒಂದು ಕಡೆಗೆ ವಾಲಿತು. ಅವಳ ದುಪಟ್ಟಾ ಗಾಲಿಗೆ ಸಿಕ್ಕಿಕೊಂಡಿತು. ಎತ್ತಲೇ ಎಂದು ಒಬ್ಬರೂ ಕೇಳಲಿಲ್ಲ. ಆದರೂ ದೊಡ್ಡ ಸೇವೆ ಮಾಡಿದಂತೆ ನಮಗೆ ಸಮಾಧಾನ. ಮುಂದಿನ ವಾರ ಅವಳು ಬರಲಿಲ್ಲ. ಮನೆಗೆ ಹೋಗಿ ಕೇಳಿದೆವು. "ಸಿಸ್ಟರ್, ಅಕ್ಕಿ ಮೂಟೆ ಎತ್ತೋರೂ ಎಲ್ಲಿ ಹಿಡೀಬೇಕು ಅಂತ ನೋಡ್ತಾರೆ" ಅಂದಳು. ಸಮಾಜಕಾರ್ಯ ಓದಿ ಇಷ್ಟು ವರ್ಷ ಕೆಲಸ ಮಾಡಿದ ನಮಗೆ ಬಾಯಿ ಬರಲಿಲ್ಲ.

ಅವತ್ತು ಅವರ ಮನೆಯಲ್ಲಿ ಎರಡು ಗಂಟೆ ಕೂತು ಕಲಿತದ್ದನ್ನೇ ನಿಮಗೆ ಹೇಳುತ್ತಿದ್ದೇವೆ.

ಮೊದಲು ಹೊಸ್ತಿಲು. ಅರಿಶಿನ ಕುಂಕುಮ ಇಟ್ಟು ರಂಗೋಲಿ ಹಾಕುವ ನಮ್ಮ ಹೊಸ್ತಿಲು ಮೂರ್ನಾಲ್ಕು ಅಂಗುಲ ಎತ್ತರ ಇರುತ್ತದೆ. ದಾಟುವಾಗ ನಮಗೆ ಗೊತ್ತೇ ಆಗುವುದಿಲ್ಲ, ಗಾಲಿಕುರ್ಚಿಗೆ ಅದು ಗೋಡೆ. ಅವರಮ್ಮ ಹೊಸ್ತಿಲಿನ ಎರಡೂ ಕಡೆಗೆ ಇಳಿಜಾರಾಗಿ ಹಲಗೆ ಹೊಂದಿಸಿದ್ದಾರೆ. ಅಷ್ಟರಿಂದಲೇ ಮಗಳು ಯಾರನ್ನೂ ಕರೆಯದೆ ಅಂಗಳಕ್ಕೆ ಬರುತ್ತಾಳೆ.

ಇನ್ನು ಕುರ್ಚಿ. ರವಿಕೆ ಹೊಲಿಸಲು ನಾವು ಅಳತೆ ಕೊಡುತ್ತೇವೆ. ಆದರೆ ದಿನವಿಡೀ ಕೂರುವ ಕುರ್ಚಿಯನ್ನು ಶಿಬಿರದಲ್ಲಿ ಅಳತೆ ನೋಡದೆ ಕೊಟ್ಟರೆ ಕೈಮುಗಿದು ತರುತ್ತೇವೆ. ಅಗಲ ಹೆಚ್ಚಾದರೆ ಬೆನ್ನು ಸೊಟ್ಟಗಾಗುತ್ತದೆ, ಭಾರ ಹೆಚ್ಚಾದರೆ ತಾನೇ ತಳ್ಳಿಕೊಳ್ಳಲು ಆಗುವುದಿಲ್ಲ. ಸ್ಪರ್ಶ ಗೊತ್ತಾಗದ ಮೈ ಒಂದೇ ಕಡೆ ಒತ್ತಿಕೊಂಡಿದ್ದರೆ ಚರ್ಮ ಕೊಳೆತು ಹುಣ್ಣಾಗುತ್ತದೆ. ನೋವು ತಿಳಿಯದ ಕಾರಣ ಹುಣ್ಣು ಆಳಕ್ಕೆ ಇಳಿದು ಜೀವಕ್ಕೇ ಅಪಾಯ ಬರಬಹುದು. ಅದಕ್ಕೇ ಅವಳು ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಎರಡು ಕೈ ಊರಿ ಮೈ ಮೇಲೆತ್ತುತ್ತಾಳೆ, ರಾತ್ರಿ ಕನ್ನಡಿ ಹಿಡಿದು ಚರ್ಮ ಕೆಂಪಾಗಿದೆಯೇ ನೋಡಿಕೊಳ್ಳುತ್ತಾಳೆ. ಸಭೆಯಲ್ಲಿ ಅವಳು ಹಾಗೆ ಮೈ ಎತ್ತಿದಾಗ ನಮ್ಮಲ್ಲೊಬ್ಬರು "ಹುಡುಗಿಗೆ ಸಭೆ ಬೇಜಾರು" ಅಂದಿದ್ದರು!

ಮೂರನೆಯದು ನೀರು. ಇದು ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಊರಿಗೆ ಹೊರಟ ದಿನ ಬಸ್‌ಸ್ಟ್ಯಾಂಡಿನ ಶೌಚಾಲಯ ನೆನೆದು ನಾವೆಲ್ಲ ನೀರು ಕಡಿಮೆ ಕುಡಿಯುತ್ತೇವೆ. ಅವಳು ಕಾಲೇಜಿಗೆ ಹೋಗುತ್ತಿದ್ದ ಎರಡು ವರ್ಷ ದಿನವೂ ಹೀಗೇ ಮಾಡಿದಳು. ಕಾಲೇಜಿನ ಶೌಚಾಲಯದ ಬಾಗಿಲು ಎರಡಡಿ, ಕುರ್ಚಿ ಅದಕ್ಕಿಂತ ಅಗಲ. ಬೆಳಿಗ್ಗೆ ಅರ್ಧ ಲೋಟ ಕಾಫಿ ಕುಡಿದರೆ ಸಂಜೆ ಮನೆಗೆ ಬಂದ ಮೇಲೇ ನೀರು. ಬೆನ್ನುಹುರಿಗೆ ಪೆಟ್ಟಾದವರಿಗೆ ಮೂತ್ರದ ಸೋಂಕು ಮೊದಲೇ ಬೇಗ ಬರುತ್ತದೆ, ಅದು ಕಿಡ್ನಿಗೂ ಹತ್ತಬಹುದು. ಎರಡು ಸಲ ಆಸ್ಪತ್ರೆ ಸೇರಿದ ಮೇಲೆ ಪಿಯುಸಿಗೇ ಓದು ನಿಂತಿತು. ಊರಿನವರು "ಓದೋಕೆ ಮನಸ್ಸಿಲ್ಲ" ಅಂದರು. ಬಾಗಿಲಿನ ಅಗಲ ಯಾರೂ ನೋಡಲಿಲ್ಲ.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆಲ್ಲ ಬಸ್ ಉಚಿತ ಆಯಿತು. ಅವಳಿಗೂ ಟಿಕೆಟ್ ಉಚಿತವೇ, ಆದರೆ ಬಸ್ಸಿನ ಮೆಟ್ಟಿಲು ಹತ್ತಿಸುವವರು ಯಾರು? ತಾಲ್ಲೂಕಿಗೆ ಹೋಗಲು ಇವತ್ತಿಗೂ ಬಾಡಿಗೆ ಆಟೋನೇ.

ಇವೆಲ್ಲಕ್ಕಿಂತ ಅವಳಿಗೆ ಬೇಸರ ತರಿಸುವುದು ನಮ್ಮ ಮಾತು. ಎದುರಿಗೇ ಕೂತಿದ್ದರೂ "ಇವಳು ಊಟ ಮಾಡಿದ್ಲಾ?" ಎಂದು ಅಮ್ಮನನ್ನು ಕೇಳುತ್ತೇವೆ. ಕೆಟ್ಟಿರುವುದು ಕಾಲೋ ಕಿವಿಯೋ? ಜಾತ್ರೆಯಲ್ಲಿ ಒಬ್ಬರು ಅವಳ ಮಡಿಲಿಗೆ ಹತ್ತು ರೂಪಾಯಿ ಹಾಕಿ ಹೋದರಂತೆ. ಮದುವೆ ಮನೆಯಲ್ಲಿ "ಹಿಂದೆ ಕೂತ್ಕೋ ಮಗ, ಆರಾಮಾಗಿರತ್ತೆ" ಎನ್ನುತ್ತಾರೆ. ಹಿಂದಿನ ಜನ್ಮದ ಕರ್ಮ ಎನ್ನುವವರಿದ್ದಾರೆ, ದೇವರು ಪರೀಕ್ಷೆ ಮಾಡುತ್ತಿದ್ದಾರೆ ಎನ್ನುವವರು ನಮ್ಮಲ್ಲೇ ಇದ್ದಾರೆ. ರಸ್ತೆ ಅಪಘಾತಕ್ಕೆ ಎರಡೂ ಉತ್ತರ ಅಲ್ಲ. ಸರ್ಕಾರ 'ವಿಕಲಚೇತನ' ಎನ್ನುತ್ತದೆ. "ಚೇತನ ಎಲ್ಲಿ ವಿಕಲ ಆಗಿದೆ ಸಿಸ್ಟರ್, ನನ್ನ ಹೆಸರಿಲ್ವಾ?" ಎಂದು ಕೇಳಿದಳು.

ಬೆಂಗಳೂರಿನ ಮಾಲತಿ ಹೊಳ್ಳ ಅವರ ಹೆಸರು ಕೇಳಿರಬಹುದು. ಎಳೆಯ ವಯಸ್ಸಿನಲ್ಲೇ ಪೋಲಿಯೊ ತಗುಲಿ, ಗಾಲಿಕುರ್ಚಿಯಲ್ಲೇ ಕ್ರೀಡಾಪಟುವಾಗಿ ಪದಕ ಗೆದ್ದವರು. 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಪಡೆದರು. ನಮಗೆಲ್ಲ ಹೆಮ್ಮೆ. ಆದರೆ ಪದಕ ತಂದವರಿಗೆ ಶಾಲು ಹೊದಿಸಿ, ಪಕ್ಕದ ಮನೆಯ ಹುಡುಗಿಯನ್ನು "ಪಾಪ" ಎಂದು ಮೂಲೆಗೆ ಕೂರಿಸಿದರೆ ನ್ಯಾಯವೇ? ನಮ್ಮ ಹುಡುಗಿಗೆ ಬೇಕಾದದ್ದು ಶಾಲು ಅಲ್ಲ. ತಿಂಗಳಿಗಿಷ್ಟು ಉಳಿತಾಯ ಮಾಡಿ, ಸಾಲ ತೆಗೆದು ಮನೆಯಲ್ಲೇ ಹೊಲಿಗೆ ಮೆಷಿನ್ ಹಾಕುವುದು. ಕಾಲಲ್ಲಿ ತುಳಿಯುವ ಮೆಷಿನ್ ಅಲ್ಲ, ಮೋಟಾರಿನ ಗುಂಡಿಯನ್ನು ಮೊಣಕೈಯಲ್ಲಿ ಒತ್ತುವಂತೆ ಹೊಂದಿಸಿದ್ದು.

ಕಾನೂನೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಶೇ. 40 ಅಥವಾ ಹೆಚ್ಚು ನ್ಯೂನತೆ ಇರುವವರಿಗೆ ಬಡತನ ನಿವಾರಣೆ ಯೋಜನೆಗಳಲ್ಲಿ ಶೇ. 5 ಮೀಸಲು, ಅದರಲ್ಲೂ ಮಹಿಳೆಯರಿಗೆ ಆದ್ಯತೆ. ನಾಲ್ಕು ಜನರ ಎದುರು ಬೇಕೆಂದೇ ಅವಮಾನ ಮಾಡಿದವರಿಗೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟಿದ್ದ ಐದು ವರ್ಷದ ಗಡುವು 2022ರಲ್ಲೇ ಮುಗಿದಿದೆ, ಮೆಟ್ಟಿಲುಗಳು ಹಾಗೇ ಇವೆ. ನಿಮ್ಮ ಊರಿನಲ್ಲಿ ಯಾರಿಗಾದರೂ ಯುಡಿಐಡಿ ಕಾರ್ಡ್ ಆಗಿಲ್ಲದಿದ್ದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಹೆಚ್ಚಿನ ಸವಲತ್ತಿಗೆಲ್ಲ ಅದನ್ನೇ ಕೇಳುತ್ತಾರೆ.

ಇಳಿಜಾರು ಕಟ್ಟುವಾಗ ಒಂದು ಲೆಕ್ಕ ನೆನಪಿಡಿ: ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ. ಭವನದ ಮೂರು ಮೆಟ್ಟಿಲು ಸೇರಿ ಒಂದೂವರೆ ಅಡಿ, ಅಂದರೆ ಹದಿನೆಂಟು ಅಡಿ ಉದ್ದದ ಇಳಿಜಾರು ಬೇಕು. ಮೇಸ್ತ್ರಿಗಳು ಬೈಕ್ ಹತ್ತಿಸುವ ಹಾಗೆ ಐದಡಿಯಲ್ಲಿ ಮುಗಿಸಿಬಿಡುತ್ತಾರೆ. ಅಂಥದರಲ್ಲಿ ಇಳಿದರೆ ಮುಗ್ಗರಿಸುವುದೇ ಗ್ಯಾರಂಟಿ.

ಸಂಘದಲ್ಲಿ ಚರ್ಚೆ ಜೋರಾಗಿಯೇ ನಡೆಯಿತು. "ಒಬ್ಬಳಿಗೋಸ್ಕರ ಎಲ್ಲರೂ ಜಾಗ ಬದಲಾಯಿಸಬೇಕಾ?" ಎಂದು ಹಿರಿಯ ಸದಸ್ಯೆಯೊಬ್ಬರು ಕೇಳಿದರು. ಮಂಡಿನೋವಿನಿಂದ ಮೆಟ್ಟಿಲು ಹತ್ತಲಾಗದೆ ಮೂರು ತಿಂಗಳಿಂದ ಬಾರದ ಇನ್ನೊಬ್ಬ ಸದಸ್ಯೆಯ ಹೆಸರನ್ನು ಅಧ್ಯಕ್ಷೆ ನೆನಪಿಸಿದ ಮೇಲೆ ಅವರು ಸುಮ್ಮನಾದರು. ಈಗ ಸಭೆ ಶಾಲೆಯ ಜಗಲಿಯಲ್ಲಿ. ಅದು ನೆಲಮಟ್ಟಕ್ಕಿದೆ, ಬೆಂಚುಗಳಿವೆ. ಎಲ್ಲರೂ ಚಾಪೆಯ ಮೇಲೆ, ಅವಳೊಬ್ಬಳೇ ಎತ್ತರದಲ್ಲಿ ಎನ್ನುವ ಮುಜುಗರವೂ ತಪ್ಪಿತು. ಕುರ್ಚಿ ತಳ್ಳುವ ಮೊದಲು ಕೇಳುತ್ತೇವೆ, ಅದರ ಹಿಡಿಗೆ ನಮ್ಮ ಚೀಲ ನೇತುಹಾಕುವುದಿಲ್ಲ. ಹುಡುಗಿ ಸದಸ್ಯೆಯಾಗಿದ್ದಾಳೆ, ಮೆಷಿನ್ ಸಾಲದ ಮೂರು ಕಂತು ಕಟ್ಟಿದ್ದಾಳೆ. ಆ ಹಿರಿಯರು ಇನ್ನೂ ಒಮ್ಮೊಮ್ಮೆ "ಪಾಪ" ಅನ್ನುತ್ತಾರೆ. ಆಗ ಅವಳು "ಯಾರಜ್ಜಿ ಪಾಪ, ಕಂತು ಬಾಕಿ ಇರೋದು ನಿಮ್ದು" ಅನ್ನುತ್ತಾಳೆ.

ಸಮುದಾಯ ಭವನಕ್ಕೆ ಇಳಿಜಾರು ಕಟ್ಟಿಸಿ ಎಂದು ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆ. ಇನ್ನೂ ಉತ್ತರ ಬಂದಿಲ್ಲ. ಸ್ವೀಕೃತಿ ಚೀಟಿಯನ್ನು ನಡಾವಳಿ ಪುಸ್ತಕಕ್ಕೆ ಅಂಟಿಸಿದೆ, ಮುಂದಿನ ಗ್ರಾಮಸಭೆಗೆ ಅದನ್ನು ತೆಗೆದುಕೊಂಡು ಹೋಗುವವಳು ಅವಳೇ.